ಉದ್ಯಮಬಾಗದ ಸ್ಟೀಲ್ ಕೆಲಸ

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗ ಅಂದ ಕೂಡಲೇ ಜನ ಫೌಂಡ್ರಿಗಳನ್ನು, ಅಂದರೆ ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಗಳನ್ನು, ನೆನೆಯುತ್ತಾರೆ. ಅದು ಸರಿಯೇ. ಆದರೆ ನಮ್ಮ ಕಡೆಯ ಚಿಕ್ಕ ಶೆಡ್‌ಗಳಲ್ಲಿ ಇನ್ನೊಂದು ಕೆಲಸವೂ ನಡೆಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಶೀಟು ಕತ್ತರಿಸಿ, ಬಾಗಿಸಿ, ವೆಲ್ಡಿಂಗ್ ಮಾಡಿ ಹಾಲಿನ ಟ್ಯಾಂಕು, ಹೋಟೆಲಿನ ಅಡುಗೆ ಟೇಬಲ್ಲು, ಖೋವಾ ಕಾಯಿಸುವ ಕಡಾಯಿ ಮಾಡುತ್ತಾರೆ. ಇವರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಇವತ್ತು ನಾನು ಮಾತಾಡುತ್ತೇನೆ.

ಈ ಊರಿಗೆ ಯಂತ್ರದ ಕೆಲಸ ಹೊಸದಲ್ಲ. ನಮ್ಮ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್, 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಮುಂದೆ ಮೇವು ಕತ್ತರಿಸುವ ಯಂತ್ರ ಮಾಡಿದರು, ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಮಣ್ಣು ವಿಷವಾಗುತ್ತದೆ ಅಂತ ರೈತರು ಹೆದರಿದರು. ಆ ಭಯ ಹೋಗಲಿಕ್ಕೆ ತುಂಬ ಕಾಲ ಬೇಕಾಯಿತು. ಕೊನೆಗೆ ಇಲ್ಲಿಯ ಜಾಗ ಬಿಡಬೇಕಾಗಿ ಬಂದು, ಅವರು 1910ರಲ್ಲಿ ಈಗಿನ ಮಹಾರಾಷ್ಟ್ರದಲ್ಲಿದ್ದ ಔಂಧ್ ಸಂಸ್ಥಾನಕ್ಕೆ ಹೋಗಿ ಕಿರ್ಲೋಸ್ಕರವಾಡಿ ಕಟ್ಟಿದರು.

ಅದಾಗಿ ಮೂರೇ ವರ್ಷಕ್ಕೆ, 1913ರಲ್ಲಿ, ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರೇರ್ಲಿ ಎಂಬಾತ ಬಂದೂಕಿನ ನಳಿಗೆ ಬೇಗ ಸವೆಯದಂತೆ ಮಾಡಲು ಉಕ್ಕಿಗೆ ಕ್ರೋಮಿಯಂ ಬೆರೆಸಿ ನೋಡುತ್ತಿದ್ದ. ಸುಮಾರು 12.8 ಶೇಕಡಾ ಕ್ರೋಮಿಯಂ ಇದ್ದ ಉಕ್ಕಿಗೆ ತುಕ್ಕು ಹಿಡಿಯಲಿಲ್ಲ. ಊಟದ ಚಾಕುವಿಗೆ ಇದು ಒಳ್ಳೆಯದು ಅಂತ ಅವನಿಗೆ ಅನಿಸಿತು. ಶೆಫೀಲ್ಡ್‌ನ ಚಾಕು ತಯಾರಕರು ಒಪ್ಪಲಿಲ್ಲ. ಇವನು ಕತ್ತರಿಸದ ಚಾಕು ಕಂಡುಹಿಡಿದವನು ಅಂತ ಆಡಿಕೊಂಡರು. ಆಗ ಅರ್ನೆಸ್ಟ್ ಸ್ಟುವರ್ಟ್ ಎಂಬ ಚಾಕು ಕೆಲಸದವನು ಆ ಉಕ್ಕನ್ನು ಹದ ಮಾಡುವ ಬಗೆ ಕಂಡುಕೊಂಡ. ನನಗೆ ಈ ಕಥೆಯಲ್ಲಿ ಸ್ಟುವರ್ಟ್ ತುಂಬ ಇಷ್ಟ. ಲ್ಯಾಬಿನಲ್ಲಿ ಹುಟ್ಟಿದ ಲೋಹ ಅಡುಗೆಮನೆಗೆ ಬಂದದ್ದು ಕೈಕೆಲಸ ಬಲ್ಲ ಒಬ್ಬನಿಂದ.

ನಮ್ಮ ಅಡುಗೆಮನೆಗಳಲ್ಲಿ ಆಗ ತಾಮ್ರ, ಹಿತ್ತಾಳೆ ಇದ್ದವು. ಹುಳಿ ಹಾಕಿದರೆ ಕಿಲುಬು ಹಿಡಿಯುತ್ತಿತ್ತು, ಕಲಾಯಿಯವರು ಓಣಿಗೆ ಬರುವುದನ್ನು ಕಾಯಬೇಕಿತ್ತು. ಸ್ಟೀಲಿಗೆ ಕಲಾಯಿ ಬೇಡ. ಅದರಲ್ಲಿರುವ ಕ್ರೋಮಿಯಂ ಗಾಳಿಯ ಆಮ್ಲಜನಕದ ಜೊತೆ ಸೇರಿ, ಕಣ್ಣಿಗೆ ಕಾಣದಷ್ಟು ತೆಳುವಾದ ಪದರ ಕಟ್ಟಿಕೊಳ್ಳುತ್ತದೆ. ಗೀರು ಬಿದ್ದರೂ ಗಾಯ ಮಾಯುವ ಹಾಗೆ ಆ ಪದರ ಮತ್ತೆ ಕೂಡಿಕೊಳ್ಳುತ್ತದೆ. 1981ರಲ್ಲಿ ತಮಿಳುನಾಡಿನ ಸೇಲಂ ಉಕ್ಕಿನ ಕಾರ್ಖಾನೆ ಸ್ಟೇನ್‌ಲೆಸ್ ಶೀಟು ತಯಾರಿಸಲು ಶುರುಮಾಡಿತು.

ಶೀಟು ಸಿಕ್ಕಿತು ಅಂದರೆ ಕೆಲಸ ಮುಗಿಯಲಿಲ್ಲ. ಅಲ್ಲಿಂದಲೇ ಕಷ್ಟ ಶುರು. ವೆಲ್ಡಿಂಗ್ ಮಾಡುವಾಗ ಬೆಸುಗೆಯ ಅಕ್ಕಪಕ್ಕದ ಲೋಹ 450ರಿಂದ 850 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಹೆಚ್ಚು ಹೊತ್ತು ನಿಂತರೆ, ಕ್ರೋಮಿಯಂ ಹೋಗಿ ಕಾರ್ಬನ್ ಜೊತೆ ಕಟ್ಟಿಕೊಳ್ಳುತ್ತದೆ. ಅಷ್ಟು ಭಾಗದಲ್ಲಿ ಕಾವಲಿಗೆ ಕ್ರೋಮಿಯಂ ಉಳಿಯುವುದಿಲ್ಲ. ತುಕ್ಕು ಅಲ್ಲಿಂದಲೇ ಏಳುತ್ತದೆ. ಅದಕ್ಕೇ ತಿಳಿದವರು ದಪ್ಪ ಶೀಟಿನ ಕೆಲಸಕ್ಕೆ ಕಾರ್ಬನ್ 0.03 ಶೇಕಡಾ ಮೀರದ 304 ಎಲ್ ದರ್ಜೆಯನ್ನು ಕೇಳುತ್ತಾರೆ. ಬಿಸಿ ಲೋಹಕ್ಕೆ ಗಾಳಿ ತಾಗದಂತೆ ಆರ್ಗಾನ್ ಅನಿಲವನ್ನು ಬೆಸುಗೆಯ ಮುಂದೆ ಮಾತ್ರವಲ್ಲ, ಬೇಕಾದಲ್ಲಿ ಹಿಂದೆಯೂ ಹಾಯಿಸುತ್ತಾರೆ. ಬಿಸಿಗೆ ನೀಲಿ, ಕಂದು ಬಣ್ಣ ತಿರುಗಿದ ಜಾಗವನ್ನು ಆಸಿಡ್ಡಿನಿಂದ ತೊಳೆಯುತ್ತಾರೆ. ಕಬ್ಬಿಣ ಉಜ್ಜಿದ ಗ್ರೈಂಡಿಂಗ್ ಚಕ್ರವನ್ನು ಸ್ಟೀಲಿಗೆ ಹಚ್ಚುವುದೇ ಇಲ್ಲ. ಯಾಕೆಂದರೆ ಕಬ್ಬಿಣದ ಪುಡಿ ಸ್ಟೀಲಿನ ಮೈಗೆ ಅಂಟಿದರೆ ಸಾಕು, ಹೊಸ ಟ್ಯಾಂಕಿನ ಮೇಲೂ ಕೆಂಪು ಚುಕ್ಕೆ ಬೀಳುತ್ತದೆ. ಬೆಸುಗೆಯ ಒಳಭಾಗ ನುಣ್ಣಗಿರಬೇಕು. ಇಲ್ಲದಿದ್ದರೆ ಸಂದಿಯಲ್ಲಿ ಹಾಲು ಉಳಿದು ಕೆಡುತ್ತದೆ.

ಈ ಶ್ರಮ ಹೊರಗಿನಿಂದ ಕಾಣುವುದಿಲ್ಲ. ಬಫಿಂಗ್, ಅಂದರೆ ಚಕ್ರದಿಂದ ಉಜ್ಜಿ ಪಾಲಿಶ್, ಮಾಡಿದರೆ ಒಳ್ಳೆಯದೂ ಕೆಟ್ಟದ್ದೂ ಒಂದೇ ಥರ ಹೊಳೆಯುತ್ತವೆ. ಕಡಿಮೆ ಬೆಲೆಯ ಮಾಲು ನೋಡಿ ಒಳ್ಳೆ ಕೆಲಸಗಾರನ ರೇಟು ಕೇಳಿ ಎದ್ದು ಹೋಗುವ ಗಿರಾಕಿಯನ್ನು ಕಂಡರೆ ನನಗೆ ಬೇಜಾರಾಗುತ್ತದೆ.

ಹಾಗಾಗಿ ಕೊಳ್ಳುವವರಿಗೆ ಒಂದು ಮಾತು. ಮ್ಯಾಗ್ನೆಟ್ ಹಿಡಿಯದಿದ್ದರೆ ಒಳ್ಳೆ ಸ್ಟೀಲು ಅಂತ ನಂಬಬೇಡಿ. ಸ್ಟೀಲಿನ ದರ್ಜೆಗಳಿಗೆ ನಂಬರುಗಳಿವೆ. 304ರಲ್ಲಿ ಸುಮಾರು 18 ಶೇಕಡಾ ಕ್ರೋಮಿಯಂ, 8 ಶೇಕಡಾ ನಿಕಲ್ ಇರುತ್ತದೆ. 202ರಲ್ಲಿ ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಹಾಕಿರುತ್ತಾರೆ. ಸಾಮಾನ್ಯವಾಗಿ ಎರಡಕ್ಕೂ ಮ್ಯಾಗ್ನೆಟ್ ಗಟ್ಟಿಯಾಗಿ ಹಿಡಿಯುವುದಿಲ್ಲ. ಉಪ್ಪಿನಕಾಯಿಯಂಥ ಉಪ್ಪಿನ ಕೆಲಸಕ್ಕೆ ಮಾಲಿಬ್ಡಿನಂ ಇರುವ 316 ವಾಸಿ. ಶೀಟಿನ ಟೆಸ್ಟ್ ಸರ್ಟಿಫಿಕೇಟ್ ಕೇಳಿ. ಅದರ ಹೀಟ್ ನಂಬರ್, ಅಂದರೆ ಒಂದೇ ಸಲ ಕರಗಿಸಿದ ಉಕ್ಕಿಗೆ ಕೊಡುವ ನಂಬರು, ಶೀಟಿನ ಮೇಲಿರುವ ನಂಬರಿಗೆ ಹೊಂದುತ್ತದೆಯೇ ನೋಡಿ. ಆಮೇಲೆ ಕಡಾಯಿಯ ಒಳಗೆ ಕೈ ಹಾಕಿ, ಬೆಸುಗೆಯ ಮೇಲೆ ಬೆರಳು ಆಡಿಸಿ. ತಡೆದರೆ ವಾಪಸು ಕೊಟ್ಟು ಸರಿ ಮಾಡಿಸಿಕೊಳ್ಳಿ.

ನಮಸ್ಕಾರ.