ಹೆಸರಿನಲ್ಲಿ ‘ಚಿಕ್ಕಮಗಳೂರು’ ಇದ್ದರೆ ಗೂಗಲ್ ಮೇಲೆ ತರುತ್ತದೆಯೇ?

[ಪರದೆ: ಮಂಜು ಮುಸುಕಿದ ಕಾಫಿ ತೋಟ, ಗೇಟಿನ ಬಳಿ ಹೆಸರಿಲ್ಲದ ಖಾಲಿ ಬೋರ್ಡು]

ನಮಸ್ಕಾರ. ಮಲ್ಲಂದೂರು ಕಡೆಯ ಕಾಫಿ ಬೆಳೆಗಾರರೊಬ್ಬರು ಕಳೆದ ವಾರ ಕರೆ ಮಾಡಿದ್ದರು. ತೋಟದ ಮನೆಯ ಎರಡು ಕೋಣೆಗಳನ್ನು ಹೋಮ್‌ಸ್ಟೇ ಮಾಡಿದ್ದಾರೆ, ಈಗ ವೆಬ್‌ಸೈಟ್ ಬೇಕು. ಯಾರೋ ಬಂದು, “ಚಿಕ್ಕಮಗಳೂರು, ಹೋಮ್‌ಸ್ಟೇ ಎರಡೂ ಪದ ಸೇರಿದ ಡೊಮೇನ್ ನನ್ನ ಬಳಿ ಇದೆ, ಕೊಂಡರೆ ಗೂಗಲ್‌ನ ಮೊದಲ ಪುಟ ಖಚಿತ” ಎಂದಿದ್ದಾರೆ. ಕೇಳಿದ ಬೆಲೆಯಲ್ಲಿ ಇವರ ಒಂದು ಕೊಯ್ಲಿನ ಕೂಲಿ ಪೂರ್ತಿ ತೀರುತ್ತದೆ. “ಕೊಳ್ಳಲೇ, ಬಿಡಲೇ? ನೀವೇ ಹೇಳಿ ಸರ್” ಎಂದರು. ಕೊಳ್ಳಬೇಡಿ ಎಂದೆ. ಯಾಕೆ ಎಂಬುದೇ ಈ ವಿಡಿಯೋ.

ಡೊಮೇನ್ ಎಂದರೆ ವೆಬ್‌ಸೈಟಿನ ವಿಳಾಸ, ಅಷ್ಟು ನಿಮಗೆ ಗೊತ್ತಿದೆ. ಮುಂದಕ್ಕೆ ಹೋಗೋಣ.

ಆ ವ್ಯಕ್ತಿ ಹೇಳಿದ್ದು ಪೂರ್ತಿ ಕಟ್ಟುಕತೆಯಲ್ಲ, ಹಳೆಯ ಕಾಲದ ಸತ್ಯ. ಒಂದು ಕಾಲದಲ್ಲಿ ಜನ ಹುಡುಕುವ ಪದಗಳನ್ನೇ ಹೆಸರಾಗಿಟ್ಟುಕೊಂಡ ಸೈಟುಗಳು ನಿಜಕ್ಕೂ ಮೇಲೆ ಬರುತ್ತಿದ್ದವು. ಬೇರೆಯವರು ಅಂಥ ಸೈಟಿಗೆ ಕೊಂಡಿ ಕೊಡುವಾಗ ಅದರ ಹೆಸರನ್ನೇ ಬರೆಯುತ್ತಾರೆ. ಹೆಸರಿನಲ್ಲೇ ಆ ಪದಗಳಿರುವುದರಿಂದ ಪ್ರತಿ ಕೊಂಡಿಯೂ ಅದರ ಪರ ಸಾಕ್ಷಿ ನುಡಿದಂತಾಗುತ್ತಿತ್ತು. ಒಳಗೆ ನಾಲ್ಕು ಸಾಲು ಬರಹ, ಉಳಿದದ್ದೆಲ್ಲ ಜಾಹೀರಾತು, ಆದರೂ ಮೊದಲ ಪುಟ. 2012ರ ಸೆಪ್ಟೆಂಬರ್ 28ರಂದು ಗೂಗಲ್‌ನ ಮ್ಯಾಟ್ ಕಟ್ಸ್ ಹೊಸ ಬದಲಾವಣೆಯೊಂದನ್ನು ಟ್ವಿಟರ್‌ನಲ್ಲಿ ಪ್ರಕಟಿಸಿದರು: ಹುಡುಕುವ ಪದವನ್ನೇ ಹೆಸರಾಗಿಸಿಕೊಂಡ ಕಳಪೆ ಸೈಟುಗಳು ಇನ್ನು ಕೆಳಕ್ಕೆ. ಅಮೆರಿಕದ ಇಂಗ್ಲಿಷ್ ಹುಡುಕಾಟಗಳಲ್ಲಿ ಶೇ. 0.6ರಷ್ಟರ ಮೇಲೆ ಮಾತ್ರ ಅದರ ಪರಿಣಾಮ ಎದ್ದು ಕಾಣುವಂತಿತ್ತು. ಇಂದು ಗೂಗಲ್ ತನ್ನ ಮಾರ್ಗದರ್ಶಿಯಲ್ಲೇ ಹೇಳುತ್ತದೆ, ಡೊಮೇನ್‌ನಲ್ಲಿರುವ ಪದಗಳಿಂದ ಮಾತ್ರವೇ ಶ್ರೇಯಾಂಕಕ್ಕೆ ಹೆಚ್ಚೇನೂ ಆಗುವುದಿಲ್ಲ ಎಂದು.

[ಪರದೆ: ಹಿರೇಮಗಳೂರು, ಕೋದಂಡರಾಮ ದೇವಸ್ಥಾನದ ಮುಂಭಾಗ]

ಇದನ್ನು ಅರ್ಥ ಮಾಡಿಕೊಳ್ಳಲು ಅಮೆರಿಕದವರೆಗೆ ಹೋಗಬೇಕಿಲ್ಲ. ನಾನು ಈಗ ನಿಂತಿರುವ ಜಾಗವನ್ನು ನೋಡಿ. ಸಕ್ಕರೆಪಟ್ಟಣದ ದೊರೆ ರುಕ್ಮಾಂಗದ ಹಿರಿಯ ಮಗಳಿಗೆ ಒಂದು ಊರು, ಕಿರಿಯ ಮಗಳಿಗೆ ಒಂದು ಊರು ಬಳುವಳಿ ಕೊಟ್ಟನೆಂಬ ಐತಿಹ್ಯ ನಮ್ಮ ಮಕ್ಕಳಿಗೂ ಗೊತ್ತು. ಒಂದು ಹಿರೇಮಗಳೂರು, ಇನ್ನೊಂದು ಚಿಕ್ಕಮಗಳೂರು. ಹೆಸರೇ ಎಲ್ಲವನ್ನೂ ತೀರ್ಮಾನಿಸುವುದಾದರೆ ಹಿರೇಮಗಳೂರೇ ಜಿಲ್ಲಾ ಕೇಂದ್ರವಾಗಬೇಕಿತ್ತು. ‘ಹಿರೇ’ ಎಂದು ಹೆಸರಲ್ಲೇ ಬರೆದಿದೆಯಲ್ಲ! ಆದರೆ ಸಂತೆ, ಕಚೇರಿ, ಕಾಫಿ ವ್ಯಾಪಾರ ಎಲ್ಲ ಸೇರಿದ್ದು ಚಿಕ್ಕ ಮಗಳ ಊರಿನಲ್ಲಿ. ಬೆಳೆದೂ ಬೆಳೆದೂ ಅದು ಅಕ್ಕನ ಊರನ್ನು ತನ್ನೊಳಗೆ ಸೇರಿಸಿಕೊಂಡಿತು. ಹಾಗೆಂದು ಹಿರೇಮಗಳೂರು ಮರೆಯಾಯಿತೇ? ಇಲ್ಲ. ಈ ಗುಡಿಯಲ್ಲಿ ಪೂಜೆ ಕನ್ನಡದಲ್ಲಿ ನಡೆಯುತ್ತದೆ, ಅದನ್ನು ಕೇಳಲೆಂದೇ ಜನ ದೂರದಿಂದ ಬರುತ್ತಾರೆ. ‘ಹಿರೇ’ ಎಂಬ ಎರಡಕ್ಷರಕ್ಕಾಗಿ ಯಾರೂ ಬಂದದ್ದಿಲ್ಲ. ಹುಡುಕುಯಂತ್ರವೂ ಈಗ ಹೀಗೆಯೇ ನೋಡುತ್ತದೆ: ಒಳಗೆ ಏನು ನಡೆಯುತ್ತಿದೆ, ಅದನ್ನು ನೋಡಲು ಯಾರು ಬರುತ್ತಿದ್ದಾರೆ, ಯಾರು ಇನ್ನೊಬ್ಬರಿಗೆ ಹೇಳುತ್ತಿದ್ದಾರೆ.

ಹಾಗಾದರೆ ಯಾವ ಹೆಸರಾದರೂ ನಡೆಯುತ್ತದೆಯೇ? ಇಲ್ಲ. ನನಗೆ ನಿಜವಾಗಿ ಕಾಳಜಿ ಇರುವುದು ಈ ವಿಷಯದಲ್ಲಿ.

[ಪರದೆ: ಐ.ಜಿ. ರಸ್ತೆಯ ಬೋರ್ಡುಗಳು, ಒಂದರ ಪಕ್ಕ ಒಂದು]

ನಮ್ಮ ಊರಿನ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಗಮನಿಸಿ. ಈ ಬೋರ್ಡಿನಲ್ಲಿ ಒಂದೇ ‘ಕೆ’. ಅದರ ಪಕ್ಕದ್ದರಲ್ಲಿ ‘ಸಿ’ ಮತ್ತು ‘ಕೆ’ ಜೋಡಿ, ಬ್ರಿಟಿಷರ ಕಾಲದ ರೂಢಿ. ಎದುರಿನದರಲ್ಲಿ ಎರಡು ‘ಕೆ’, ಆದರೆ ಕೊನೆಯ ‘ಯು’ ಇಲ್ಲ. ಬ್ಯಾಂಕಿನ ಬೋರ್ಡಿನಲ್ಲಿ ಎರಡು ‘ಕೆ’, ಕೊನೆಯಲ್ಲಿ ‘ಯು’ ಕೂಡ ಇದೆ. ಇದು 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ನಗರಗಳ ಹೆಸರು ಬದಲಾದಾಗ ಬಂದ ಅಧಿಕೃತ ರೂಪ. ಒಂದೇ ಊರು, ಒಂದೇ ರಸ್ತೆ, ನಾಲ್ಕು ಕಾಗುಣಿತ.

ಇದರಲ್ಲಿ ಯಾವುದನ್ನು ಬರೆದು ಹುಡುಕಿದರೂ ಗೂಗಲ್‌ಗೆ ನಮ್ಮ ಊರು ಎಂದು ತಿಳಿಯುತ್ತದೆ. ಆದರೆ ಬ್ರೌಸರಿನ ವಿಳಾಸಪಟ್ಟಿಗೆ ಆ ದಯೆ ಇಲ್ಲ. ವಿಳಾಸದಲ್ಲಿ ಒಂದು ‘ಕೆ’ ತಪ್ಪಿದರೆ ಒಂದೋ ಖಾಲಿ ಪುಟ, ಇಲ್ಲವೇ ಇನ್ಯಾರದೋ ಹೋಮ್‌ಸ್ಟೇ. ಹುಡುಕುವ ಚೌಕದಲ್ಲಿ ಕ್ಷಮೆ ಇರುವ ತಪ್ಪಿಗೆ ವಿಳಾಸದಲ್ಲಿ ಕ್ಷಮೆ ಇಲ್ಲ. ಆದ್ದರಿಂದ ದುಬಾರಿ ಬೆಲೆ ಕೊಟ್ಟು ಆ ಉದ್ದನೆಯ ಹೆಸರು ಕೊಂಡವರು ಶ್ರೇಯಾಂಕವನ್ನೂ ಪಡೆಯುವುದಿಲ್ಲ, ಬರಬೇಕಾದ ಅತಿಥಿಯನ್ನೂ ದಾರಿ ತಪ್ಪಿಸುತ್ತಾರೆ.

ಕನ್ನಡದಲ್ಲೇ ವಿಳಾಸ ಇಟ್ಟರಾಯಿತಲ್ಲ ಎನ್ನುತ್ತೀರಾ? ಇಡಬಹುದು, ‘ಡಾಟ್ ಭಾರತ’ ನಮ್ಮ ಲಿಪಿಯಲ್ಲಿ ಇದೆ. ಒಳಗೆ ಕಂಪ್ಯೂಟರ್ ಅದನ್ನು ಇಂಗ್ಲಿಷ್ ಅಕ್ಷರ, ಅಂಕೆಗಳಿಗೆ ಬದಲಿಸಿ ಎಕ್ಸ್, ಎನ್, ಎರಡು ಅಡ್ಡಗೆರೆ, ಆಮೇಲೆ 2-ಎಸ್-ಸಿ-ಆರ್-ಜೆ-9-ಸಿ ಎಂದು ಓದಿಕೊಳ್ಳುತ್ತದೆ. ‘ಭಾರತ’ ಎಂಬ ಮುದ್ದಾದ ಪದಕ್ಕೆ ಆ ವೇಷ! ಎರಡೂ ಒಂದೇ ಎಂದು ಗೂಗಲ್ ತಿಳಿಯುತ್ತದೆ, ಶ್ರೇಯಾಂಕದಲ್ಲಿ ಭೇದವಿಲ್ಲ. ನಿಮ್ಮ ಓದುಗರು ಕನ್ನಡಿಗರೇ ಆಗಿದ್ದರೆ ದಯವಿಟ್ಟು ಇಡಿ. ಹೊರರಾಜ್ಯದ ಅತಿಥಿಗಳನ್ನು ಕಾಯುವ ಹೋಮ್‌ಸ್ಟೇಗೆ ಅದೊಂದೇ ಸಾಲದು.

ಸಮಯ ಮೀರುತ್ತಿದೆ, ಉಳಿದದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಡಾಟ್ ಇನ್ ಇದ್ದರೆ ಸೈಟು ಭಾರತದವರಿಗೆ ಎಂಬ ಸಣ್ಣ ಸೂಚನೆ ಗೂಗಲ್‌ಗೆ ಸಿಗುತ್ತದೆ. ಡಾಟ್ ಕಾಮ್ ಆದರೂ ನಷ್ಟವಿಲ್ಲ. ಹಳೆಯ ಡೊಮೇನ್ ಕೊಳ್ಳುವ ಮುನ್ನ, ಸೈಟುಗಳ ಹಳೆಯ ಪುಟಗಳನ್ನು ಕೂಡಿಟ್ಟಿರುವ ವೇಬ್ಯಾಕ್ ಮಷಿನ್ ಎಂಬ ತಾಣದಲ್ಲಿ ಅದರ ಪೂರ್ವಾಶ್ರಮ ನೋಡಿ, ಜೂಜಿನ ಸೈಟಾಗಿದ್ದರೆ ಮುಟ್ಟಬೇಡಿ. ಅವಧಿ ಮುಗಿದ ಡೊಮೇನ್‌ಗಳ ಹಳೆಯ ಹೆಸರಿನ ಬಲದಲ್ಲಿ ಕಳಪೆ ಸರಕು ಮೇಲೆ ತರುವುದನ್ನು ಗೂಗಲ್ 2024ರ ಮಾರ್ಚ್‌ನಲ್ಲಿ ಸ್ಪ್ಯಾಮ್, ಅಂದರೆ ಮೋಸದ ತಂತ್ರ, ತಡೆಯುವ ನಿಯಮಗಳಡಿ ತಂದಿದೆ. ಈಗಾಗಲೇ ಸೈಟು ಇದ್ದು ಹೆಸರು ಬದಲಿಸುವವರು ಹಳೆಯ ವಿಳಾಸಕ್ಕೆ ಬಂದವರನ್ನು ತಾನಾಗಿ ಹೊಸದಕ್ಕೆ ಕಳಿಸುವ ಶಾಶ್ವತ ರೀಡೈರೆಕ್ಟ್ ಹಾಕಿ, ಕನಿಷ್ಠ ಒಂದು ವರ್ಷ ತೆಗೆಯಬೇಡಿ.

[ಪರದೆ: ಸಾಲುಗೆರೆಯ ನೋಟ್‌ಪುಸ್ತಕದ ಹಾಳೆ, ನೀಲಿ ಪೆನ್ನಿನ ಅಕ್ಷರ]

ಮಲ್ಲಂದೂರಿನವರ ತೋಟಕ್ಕೆ ಸುತ್ತಲಿನವರು ಕರೆಯುವ ಚಿಕ್ಕ ಹೆಸರೊಂದು ಮೊದಲಿನಿಂದಲೂ ಇದೆ, ಕೊನೆಯಲ್ಲಿ ‘ತೋಟ’ ಬರುತ್ತದೆ. ಅದನ್ನೇ ಇಡಿ ಎಂದೆ. ಇಡುವ ಮುನ್ನ ತರೀಕೆರೆಯಲ್ಲಿರುವ ನಮ್ಮ ದೊಡ್ಡಮ್ಮನಿಗೆ ಫೋನಿನಲ್ಲಿ ಹೆಸರು ಹೇಳಿ, “ಇಂಗ್ಲಿಷಿನಲ್ಲಿ ಬರೆದು ಫೋಟೋ ಕಳುಹಿಸಿ ದೊಡ್ಡಮ್ಮ” ಎಂದೆ. ಬಂದ ಹಾಳೆ ಇದು. ನೋಡಿ, ‘ತೋಟ’ಕ್ಕೆ ‘ಟಿ-ಎಚ್’ ಹಾಕಿದ್ದಾರೆ. ಬೆಳೆಗಾರರು ‘ಎಚ್’ ಇಲ್ಲದೆ ಬರೆದಿದ್ದರು. ದೊಡ್ಡಮ್ಮ ಬರೆದಂತೆ ಬರೆಯುವವರು ನಮ್ಮಲ್ಲಿ ಬಹಳ. ಡಾಟ್ ಇನ್ ಹೆಸರಿಗೆ ಸಾಮಾನ್ಯವಾಗಿ ವರ್ಷಕ್ಕೆ ಸಾವಿರ ರೂಪಾಯಿಯ ಒಳಗೇ ಆಗುತ್ತದೆ. ಎರಡೂ ರೂಪ ಕೊಂಡು, ‘ಎಚ್’ ಇರುವುದನ್ನು ಮುಖ್ಯವಾಗಿಟ್ಟು, ಇನ್ನೊಂದನ್ನು ಅದರತ್ತ ತಿರುಗಿಸಿದ್ದಾರೆ. ಗೇಟಿನ ಬೋರ್ಡಿಗೆ ಬಣ್ಣ ಬಳಿಯುವವರು ಸೋಮವಾರ ಬರುತ್ತಾರಂತೆ.