ಪುಟದಲ್ಲಿ ಕನ್ನಡ ಕೆಟ್ಟು ಕಂಡರೆ

ಕೇಳುಗರಿಗೆ ನಮಸ್ಕಾರ. ವೆಬ್ ಪುಟದಲ್ಲಿ ಕನ್ನಡದ ಜಾಗದಲ್ಲಿ ಏನೇನೋ ಚಿಹ್ನೆ ಕಂಡರೆ, ಕೋಡ್‌ಗೆ ಕೈ ಹಾಕುವ ಮುನ್ನ ಆ ಚಿಹ್ನೆಗಳನ್ನೇ ಸರಿಯಾಗಿ ನೋಡಿ. ತಪ್ಪು ಎಲ್ಲಿದೆ ಅಂತ ಅವೇ ಹೇಳುತ್ತವೆ.

ಖಾಲಿ ಚೌಕಗಳಾದರೆ ಗಾಬರಿ ಬೇಡ. ಅಕ್ಷರ ಸರಿಯಾಗಿಯೇ ಬಂದಿದೆ, ಫಾಂಟ್ ಇಲ್ಲ, ಅಷ್ಟೆ. ನೋಟೊ ಸಾನ್ಸ್ ಕನ್ನಡದಂಥ ಫಾಂಟನ್ನು ಪುಟದ ಜೊತೆಗೇ ಕಳಿಸಿ.

ತಲೆಯ ಮೇಲೆ ಓರೆಗೆರೆ ಇರುವ ಇಂಗ್ಲಿಷ್ ‘ಎ’, ಪಕ್ಕದಲ್ಲಿ ಮೇಲಕ್ಕೇರಿದ ಪುಟ್ಟ ಎರಡೋ ಮೂರೋ, ಇವೇ ಸಾಲಾಗಿ ಬಂದರೆ ಮಾತು ಬೇರೆ. ಅಕ್ಷರಗಳನ್ನು ಬೈಟ್‌ಗಳಾಗಿ, ಅಂದರೆ ಪುಟ್ಟ ಸಂಖ್ಯೆಗಳಾಗಿ, ಇಡುವ ಪದ್ಧತಿ ಯುಟಿಎಫ್-8. ಅದರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ, ಅಂದರೆ ವ್ಯಂಜನ, ಸ್ವರಚಿಹ್ನೆ, ಅರ್ಧಾಕ್ಷರದ ಗುರುತು ಇಂಥ ಒಂದೊಂದಕ್ಕೂ, ಮೂರು ಬೈಟ್. ‘ಕ’ ಅಂದರೆ, ಹದಿನಾರರ ಎಣಿಕೆಯಲ್ಲಿ, ಇ0, ಬಿ2, 95. ಬ್ರೌಸರ್ ಅದನ್ನು ವಿಂಡೋಸ್-1252, ಅಂದರೆ ಒಂದು ಬೈಟ್‌ಗೆ ಒಂದು ಚಿಹ್ನೆ ಎನ್ನುವ ಹಳೆಯ ಪದ್ಧತಿ, ಅಂದುಕೊಂಡು ಓದಿದರೆ ಮೂರು ಬೈಟೂ ಮೂರು ಬೇರೆ ಚಿಹ್ನೆಗಳಾಗುತ್ತವೆ: ಆ ‘ಎ’, ಪುಟ್ಟ ಎರಡು, ಒಂದು ದಪ್ಪ ಚುಕ್ಕಿ. ಪುಟದ ಕೋಡ್‌ನ ಶುರುವಿನ ಹೆಡ್ ಭಾಗದಲ್ಲಿ, ಪುಟದ ಬಗ್ಗೆ ಬ್ರೌಸರಿಗೆ ತಿಳಿಸುವ ಮೆಟಾ ಟ್ಯಾಗ್‌ನಲ್ಲಿ ಕ್ಯಾರ್‌ಸೆಟ್ (ಅಕ್ಷರ ಪದ್ಧತಿ) ಯುಟಿಎಫ್-8 ಎಂದು ಬರೆಯಿರಿ. ಅದು ಕಡತದ ಮೊದಲ 1024 ಬೈಟ್‌ಗಳೊಳಗೆ ಇರಬೇಕು, ಹಾಗಾಗಿ ಹೆಡ್‌ನ ಮೊದಲ ಸಾಲಲ್ಲೇ ಇಡಿ. ಆದರೂ ಸರಿಹೋಗದಿದ್ದರೆ ಬ್ರೌಸರಿನ ನೆಟ್‌ವರ್ಕ್ ಟ್ಯಾಬ್ ತೆರೆದು ಪುಟದ ಜೊತೆ ಸರ್ವರ್ ಕಳಿಸುವ ಕಂಟೆಂಟ್-ಟೈಪ್ ಹೆಡರ್ ನೋಡಿ. ಸರ್ವರ್ ಅಲ್ಲಿ ಬೇರೆ ಕ್ಯಾರ್‌ಸೆಟ್ ಹೇಳುತ್ತಿದ್ದರೆ ನಿಮ್ಮ ಮೆಟಾ ಟ್ಯಾಗ್‌ನ ಮಾತು ನಡೆಯುವುದಿಲ್ಲ.

ಬರೀ ಪ್ರಶ್ನಾರ್ಥಕ ಚಿಹ್ನೆಗಳೇ ಸಾಲುಗಟ್ಟಿದ್ದರೆ ಮೊದಲು ಡೇಟಾಬೇಸನ್ನೇ ತೆರೆದು ನೋಡಿ. ಅಲ್ಲೂ ಹಾಗೇ ಇದ್ದರೆ ಅಕ್ಷರ ಉಳಿಸುವಾಗಲೇ ಕಳೆದುಹೋಗಿದೆ, ಮೂಲ ಪ್ರತಿಯಿಂದ ಮತ್ತೆ ತುಂಬಿಸದೆ ವಿಧಿಯಿಲ್ಲ. ನಿಮ್ಮ ಡೇಟಾಬೇಸ್ ಮೈಎಸ್‌ಕ್ಯೂಎಲ್ ಆಗಿದ್ದರೆ ಟೇಬಲ್ ಮತ್ತು ಕನೆಕ್ಷನ್ ಎರಡಕ್ಕೂ ಯುಟಿಎಫ್8ಎಂಬಿ4 ಎಂಬ ಕ್ಯಾರ್‌ಸೆಟ್ ಕೊಡಿ. ಅದರ ಹಳೆಯ ‘ಯುಟಿಎಫ್8’ ಮೂರು ಬೈಟ್‌ವರೆಗೆ ಮಾತ್ರ. ಕನ್ನಡ ಅದರಲ್ಲಿ ಹಿಡಿಯುವುದರಿಂದ ಎಲ್ಲ ಸರಿಯಿದೆ ಅನಿಸುತ್ತದೆ, ಯಾರೋ ಒಂದು ಇಮೋಜಿ ಹಾಕುವವರೆಗೆ. ಅದಕ್ಕೆ ನಾಲ್ಕು ಬೈಟ್ ಬೇಕು.

ಕಪ್ಪು ಡೈಮಂಡಿನೊಳಗೆ ಪ್ರಶ್ನಾರ್ಥಕ ಕಂಡರೆ, ಸಾಮಾನ್ಯವಾಗಿ ಪಠ್ಯವನ್ನು ಎಲ್ಲೋ ಬೈಟ್ ಎಣಿಸಿ ಕತ್ತರಿಸಿರುತ್ತಾರೆ. 100 ಬೈಟ್‌ಗೆ ಕತ್ತರಿಸಿದರೆ 33 ಸಂಕೇತಕ್ಕೆ 99 ಆಯಿತು, ನೂರನೆಯದು ಮುರುಕು. ಹಾಗಂತ ಸಂಕೇತ ಎಣಿಸಿದರೂ ಸಾಲದು. ‘ಸ್ತ್ರೀ’ ಕಣ್ಣಿಗೆ ಒಂದೇ ಅಕ್ಷರ, ಒಳಗೆ ಆರು ಸಂಕೇತ. ನಾಲ್ಕಕ್ಕೆ ನಿಲ್ಲಿಸಿದರೆ ‘ಸ್ತ್’ ಉಳಿಯುತ್ತದೆ. ಪದ ಮುಗಿದ ಕಡೆ ಕತ್ತರಿಸುವುದೇ ಮೇಲು.

ಇನ್ನೊಂದು, ಕಣ್ಣಿಗೆ ಕಾಣದ್ದು. ‘ರಾಜ್‌ಕುಮಾರ್’ ಎಂಬಲ್ಲಿ ಜ್ ಬಿಡಿಯಾಗಿ ನಿಲ್ಲಲು ನಡುವೆ ಒಂದು ಅದೃಶ್ಯ ಸಂಕೇತವಿದೆ, ಯೂನಿಕೋಡ್ 200ಸಿ. ಫಾರ್ಮ್‌ನಲ್ಲಿ ಬಂದ ಪಠ್ಯವನ್ನು ‘ಶುಚಿ’ ಮಾಡುವ ಕೋಡ್ ಅದನ್ನು ಕಸವೆಂದು ಗುಡಿಸಿದರೆ ಕಕಾರ ಜಕಾರಕ್ಕೆ ಒತ್ತಾಗಿ ಅಂಟಿ ‘ರಾಜ್ಕುಮಾರ್’ ಆಗುತ್ತದೆ. ‘ರ‍್ಯಾಂಕ್’ ಬರೆಯಲು ಬೇಕಾದ 200ಡಿಗೂ ಇದೇ ಗತಿ. ಆ ಕೋಡ್‌ನಲ್ಲಿ ಇವೆರಡಕ್ಕೂ ವಿನಾಯಿತಿ ಇರಲಿ.