ಎಷ್ಟು ಎಂಬಿ ಅಂತ ಕೇಳಬೇಡಿ

ಕೇಳುಗರೇ, ನಮಸ್ಕಾರ.

ಜೂನ್ ತಿಂಗಳು ಶುರುವಾಯಿತೆಂದರೆ ನಮ್ಮ ಉಡುಪಿ ಕಡೆ ಫೋನ್ ಮಾಡಿದವರೆಲ್ಲ ಮೊದಲು ಕೇಳುವುದು ಒಂದೇ: "ನಿಮ್ಮಲ್ಲಿ ನೆಟ್ ಉಂಟಾ?" ಮೊದಲು ಕರೆಂಟ್ ಉಂಟಾ ಅಂತ ಕೇಳುತ್ತಿದ್ದರು. ಈಗ ಎರಡನ್ನೂ ಒಟ್ಟಿಗೆ ಕೇಳುತ್ತಾರೆ. ಎರಡೂ ಇಲ್ಲ ಅಂತಾದರೆ ನನ್ನ ಪ್ರಾಯದವರು, ಅಂದರೆ ಐವತ್ತರ ಹತ್ತಿರ ಬಂದವರು, ಫೋನಿನ ತಂತಿಯಲ್ಲೇ ನಂಬರ್ ತಿರುಗಿಸಿ ನೆಟ್ ಹಿಡಿಯುತ್ತಿದ್ದ ಹಳೆಯ ಡಯಲ್ ಅಪ್ ಕಾಲ ನೆನೆಸಿಕೊಂಡು "ಆಗಲೇ ಒಳ್ಳೆಯದಿತ್ತು ಮಾರಾಯ್ರೆ" ಅನ್ನುತ್ತಾರೆ. ನನಗೆ ಆ ಮಾತಿನ ಮೇಲೆ ಸ್ವಲ್ಪ ತಕರಾರು ಉಂಟು. ಪೂರ್ತಿ ತಕರಾರಲ್ಲ, ಸ್ವಲ್ಪ.

ನಮ್ಮ ದೇಶದಲ್ಲಿ ಸಾಮಾನ್ಯ ಜನರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ಕ್ಕೆ. ಆಗಿನ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಕೊಟ್ಟಿತು, ಅದೂ ಮೊದಲಿಗೆ ದೊಡ್ಡ ನಗರಗಳಲ್ಲಿ ಮಾತ್ರ. ವಿದ್ಯಾರ್ಥಿಗಳಿಗೆ ಶೆಲ್ ಅಕೌಂಟ್ ಅಂತ ಒಂದಿತ್ತು. ಅದರಲ್ಲಿ ಚಿತ್ರವೇ ಬರುತ್ತಿರಲಿಲ್ಲ, ಬರೀ ಅಕ್ಷರ. 1998ರ ನವೆಂಬರಿನಲ್ಲಿ ಖಾಸಗಿಯವರಿಗೂ ಬಾಗಿಲು ತೆರೆಯಿತು. ಮಂಗಳೂರಿನ ನಮ್ಮ ಹಂಪನಕಟ್ಟೆಯಲ್ಲಿ, ಬಲ್ಮಠದಲ್ಲಿ, ಮಣಿಪಾಲದಲ್ಲಿ ಸೈಬರ್ ಕೆಫೆಗಳು ಸಾಲಾಗಿ ಹುಟ್ಟಿಕೊಂಡದ್ದು ಅದರ ನಂತರವೇ.

ಸೈಬರ್ ಕೆಫೆ ಅಂದರೆ ಈಗಿನ ಮಕ್ಕಳಿಗೆ ವಿವರಿಸಿ ಹೇಳುವುದೇ ಕಷ್ಟ. ಚಪ್ಪಲಿ ಹೊರಗೆ ಬಿಡಬೇಕು. ಒಳಗೆ ಎಸಿ ಹಾಕಿರುತ್ತಾರೆ, ಅದು ನಮಗಲ್ಲ, ಕಂಪ್ಯೂಟರಿಗೆ. ಪ್ಲೈವುಡ್ಡಿನ ಸಣ್ಣ ಸಣ್ಣ ಗೂಡು, ಕೆಲವು ಕಡೆ ಪರದೆ ಬೇರೆ. ಬಾಗಿಲ ಬಳಿ ಕೂತವನು ಉದ್ದ ಪುಸ್ತಕದಲ್ಲಿ ನೀವು ಕೂತ ಹೊತ್ತು ಬರೆದಿಡುತ್ತಾನೆ, ಪೇಜು ತೆರೆಯುವ ಮೊದಲೇ ಅರ್ಧ ಗಂಟೆ ಮುಗಿದಿರುತ್ತದೆ, ದುಡ್ಡು ಮಾತ್ರ ಪೂರ್ತಿ. ಪಿಯುಸಿ ರಿಸಲ್ಟ್ ಬರುವ ದಿನ ಮೆಟ್ಟಿಲ ತನಕ ಸಾಲು ಇರುತ್ತಿತ್ತು. ನಂಬರ್ ಬರೆದ ಚೀಟಿ ಕೈಯಿಂದ ಕೈಗೆ ಹೋಗಿ ಒಳಗೆ ಸೇರುತ್ತಿತ್ತು, ಮಾರ್ಕು ಗಟ್ಟಿಯಾಗಿ ಹೊರಗೆ ಬರುತ್ತಿತ್ತು. ಎಲ್ಲರಿಗೂ ಕೇಳುವ ಹಾಗೆ! ಗುಟ್ಟು ಅನ್ನುವುದೇ ಇಲ್ಲ.

ನನಗೆ ಹೆಚ್ಚು ನೆನಪಾಗುವುದು ಗಲ್ಫ್ ಮನೆಯವರು. ಶಿರ್ವ ಕಡೆಯ ಒಬ್ಬರು ಬಾಯಮ್ಮ ಬರುತ್ತಿದ್ದರು. ಮಗನ ಹಾಟ್‌ಮೇಲ್ ವಿಳಾಸ ಬರೆದ ಕಾಗದ ಪರ್ಸಿನಲ್ಲಿ ಮಡಚಿ ಇಟ್ಟಿರುತ್ತಿದ್ದರು. ಅವರು ಕೊಂಕಣಿಯಲ್ಲಿ ಹೇಳುವುದು, ಕೆಫೆಯ ಹುಡುಗ ಇಂಗ್ಲಿಷಿನಲ್ಲಿ ಬಡಿಯುವುದು. ಬಾವಿ ರಿಪೇರಿ, ಅತ್ತಿಗೆಯ ಆಪರೇಷನ್, ಬೋಳು ಗುಡ್ಡೆಯ ಜಾಗಕ್ಕೆ ಯಾರೋ ಕೇಳಿಕೊಂಡು ಬಂದದ್ದು, ಎಲ್ಲ ಆ ಹುಡುಗನಿಗೆ ಗೊತ್ತು. ಮುಂದಿನ ವಾರ ಮಗನ ಉತ್ತರ ಪ್ರಿಂಟ್ ತೆಗೆಸಿಕೊಂಡು ಬಸ್ ಹತ್ತುತ್ತಿದ್ದರು. ಐಎಸ್‌ಡಿ ಬೂತಿನಲ್ಲಿ ಮೀಟರ್ ಓಡುವುದನ್ನು ನೋಡುತ್ತಾ ನಿಂತರೆ ಮಾತೇ ಮರೆತು ಹೋಗುತ್ತದೆ, ಇದಾದರೆ ನಿಧಾನಕ್ಕೆ ಹೇಳಬಹುದು ಅಂತ ಅವರ ಲೆಕ್ಕ. ಸರಿಯಾದ ಲೆಕ್ಕವೇ.

ಮನೆಯಲ್ಲಿ ಮೋಡೆಮ್, ಅಂದರೆ ಫೋನ್ ಲೈನನ್ನು ಕಂಪ್ಯೂಟರಿಗೆ ಜೋಡಿಸುವ ಡಬ್ಬಿ, ಇದ್ದವರ ಪಾಡು ಬೇರೆ. ಆ ಕೀರಲು ಶಬ್ದ ನಿಮಗೆ ನೆನಪಿರಬೇಕಲ್ವಾ? ಶಬ್ದ ಮುಗಿದು ಒಮ್ಮೆ ನಿಶ್ಶಬ್ದವಾದರೆ ಸಿಕ್ಕಿತು ಅಂತ ಅರ್ಥ. ಸಿಕ್ಕಿದ ಮೇಲೆ ಮಾಳಿಗೆಯಲ್ಲಿ ಯಾರಾದರೂ ಇನ್ನೊಂದು ರಿಸೀವರ್ ಎತ್ತಿದರೆ ಕಥೆ ಮುಗಿಯಿತು. ಡಬ್ಬಿಯ ಮೇಲೆ 56 ಕೆ ಅಂತ ಬರೆದಿರುತ್ತಿತ್ತು, ಕೈಗೆ ಬರುವುದು ಸೆಕೆಂಡಿಗೆ ನಾಲ್ಕೈದು ಕೆಬಿ. 4 ಎಂಬಿಯ ಒಂದು ಹಾಡು ಇಳಿಯಲು ಕಾಲು ಗಂಟೆ. ಇಂಟರ್‌ನೆಟ್ಟಿನ ಗಂಟೆಗೆ ಒಂದು ಲೆಕ್ಕ, ಫೋನಿನ ಪಲ್ಸಿಗೆ ಇನ್ನೊಂದು ಲೆಕ್ಕ. ಹಾಗಾಗಿ ಒಂದು ಅಭ್ಯಾಸ ಬಂದಿತ್ತು. ಮೇಲ್ ಮೊದಲೇ ನೋಟ್‌ಪ್ಯಾಡಿನಲ್ಲಿ ಬರೆದಿಡುವುದು, ಕನೆಕ್ಟ್ ಮಾಡಿ ಕಳಿಸುವುದು, ಓದಬೇಕಾದ ಪುಟಗಳನ್ನೆಲ್ಲ ತೆರೆದಿಟ್ಟು ಲೈನ್ ಕಟ್ ಮಾಡಿ ಆಮೇಲೆ ಕೂತು ಓದುವುದು. ಓದುವಾಗ ನೆಟ್ ಇಲ್ಲ! ಈಗ ಹಾಗೆ ಯಾರು ಓದುತ್ತಾರೆ? ಇದೊಂದು ನನಗೆ ನಿಜವಾಗಿ ಬೇಕಿತ್ತು ಅನ್ನಿಸುತ್ತದೆ.

ಆದರೆ ಉಳಿದದ್ದು ಬೇಡ. ಮೇ ತಿಂಗಳ ಗುಡುಗು ಸಿಡಿಲಿಗೆ ಎಷ್ಟು ಮನೆಯ ಮೋಡೆಮ್ ಸುಟ್ಟು ಹೋಗಿವೆ ಗೊತ್ತಾ? ತಾಮ್ರದ ತಂತಿ, ಕಂಬದಿಂದ ಕಂಬಕ್ಕೆ, ಸೀದಾ ಮನೆಯ ಒಳಗೆ. ಸಿಡಿಲು ಅದೇ ದಾರಿಯಲ್ಲಿ ಬರುತ್ತಿತ್ತು, ಕೆಲವೊಮ್ಮೆ ಮೋಡೆಮ್ ದಾಟಿ ಕಂಪ್ಯೂಟರಿಗೂ. ಮೂಡು ದಿಕ್ಕಿನಲ್ಲಿ ಮೋಡ ಕಟ್ಟಿತು ಅಂದರೆ ಅಮ್ಮ ಒಳಗಿನಿಂದಲೇ ಬೊಬ್ಬೆ ಹಾಕುತ್ತಿದ್ದರು, ವಯರ್ ಎಳಿ ಅಂತ. ಇನ್ನು ಕನ್ನಡ. ಒಂದೊಂದು ಪತ್ರಿಕೆಗೆ ಒಂದೊಂದು ಫಾಂಟ್, ಅದು ನಿಮ್ಮ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಪರದೆಯ ತುಂಬಾ ಅರ್ಥವಿಲ್ಲದ ಚಿಹ್ನೆಗಳು. ಕೀಲಿಮಣೆಯಲ್ಲಿ ಕನ್ನಡ ಸುಲಭ ಮಾಡಿದ ಕೆ. ಪಿ. ರಾಯರು ನಮ್ಮ ಕಿನ್ನಿಕಂಬಳದವರೇ, ಆದರೂ ನಾವು ಮಂಗಳೂರಿನಲ್ಲಿ ಕೂತು ಇಂಗ್ಲಿಷ್ ಅಕ್ಷರದಲ್ಲಿ "ಹೇಗಿದ್ದೀರಿ" ಬರೆಯುತ್ತಿದ್ದೆವು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದು ಯುನಿಕೋಡ್ ಕನ್ನಡ, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಲೆಕ್ಕದ ಕನ್ನಡ, ಅದರೊಳಗೇ ಸೇರಿದ ಮೇಲೆ ನಿಧಾನಕ್ಕೆ ಆ ರಗಳೆ ತಪ್ಪಿತು.

2004ರ ಸರ್ಕಾರಿ ನೀತಿಯ ಪ್ರಕಾರ ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳಲು 256 ಕೆಬಿಪಿಎಸ್, ಅಂದರೆ ಸೆಕೆಂಡಿಗೆ 256 ಕಿಲೋಬಿಟ್, ಸಾಕಿತ್ತು. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್‌ನ ಡಾಟಾವನ್ ಬಂತು. ಆಮೇಲೆ ಒಂದು ಪ್ಲಾನಿನಲ್ಲಿ ರಾತ್ರಿ ಎರಡರಿಂದ ಬೆಳಿಗ್ಗೆ ಎಂಟರ ತನಕ ಎಷ್ಟು ಬೇಕಾದರೂ ಇಳಿಸಿಕೊಳ್ಳಬಹುದು ಅಂತಾಯಿತು. 256ರ ವೇಗದಲ್ಲಿ ಆರು ಗಂಟೆ ಅಂದರೆ ಹೆಚ್ಚುಕಡಿಮೆ 690 ಎಂಬಿ, ಸುಮಾರು ಒಂದು ಸಿಡಿ ತುಂಬುವಷ್ಟು. ಒಂದು ರಾತ್ರಿಗೆ ಒಂದು ಸಿಡಿ! ಎರಡು ಗಂಟೆಗೆ ಅಲಾರಂ ಇಟ್ಟು ಎದ್ದು, ಡೌನ್‌ಲೋಡ್ ಹಚ್ಚಿ ಮತ್ತೆ ಮಲಗಿದವರು ನಮ್ಮಲ್ಲಿ ಎಷ್ಟು ಜನ ಇಲ್ಲ ಹೇಳಿ. ಎಂಟರ ಒಳಗೆ ಆಫ್ ಮಾಡದಿದ್ದರೆ ತಿಂಗಳ ಕೊನೆಗೆ ಅಪ್ಪನಿಂದ ಮಂಗಳಾರತಿ.

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲಿನದ್ದು ಎಲ್ಲರಿಗೂ ಗೊತ್ತಿರುವ ಕಥೆ. ಮೊಬೈಲ್ ಡೇಟಾ ಅಗ್ಗವಾಯಿತು, ಕೆಫೆಗಳು ಜೆರಾಕ್ಸ್ ಅಂಗಡಿಗಳಾದವು. ಆದರೆ ಅಗ್ಗವಾಯಿತು ಅಂದ ಕೂಡಲೇ ಎಲ್ಲರಿಗೂ ಸಿಕ್ಕಿತು ಅಂತಲ್ಲ. 2021ರ ಮಳೆಗಾಲದಲ್ಲಿ ಸುಳ್ಯ ತಾಲೂಕಿನ ಒಂದು ಹಳ್ಳಿಯ ಫೋಟೊ ಪತ್ರಿಕೆಗಳಲ್ಲಿ ಬಂದದ್ದು ನೀವು ನೋಡಿರಬಹುದು. ಜೋರು ಮಳೆ, ರಸ್ತೆ ಬದಿಯಲ್ಲಿ ಕೂತು ಹುಡುಗಿ ಆನ್‌ಲೈನ್ ಕ್ಲಾಸ್ ಕೇಳುತ್ತಿದ್ದಾಳೆ, ಅಪ್ಪ ಕೊಡೆ ಹಿಡಿದು ನಿಂತಿದ್ದಾರೆ. ಸಿಗ್ನಲ್ ಅಲ್ಲಿ ಮಾತ್ರ ಸಿಗುವುದು.

ಈಗ ಫೈಬರ್ ಬಂದಿದೆ. ಕೂದಲೆಳೆಯಷ್ಟು ಸಪೂರ ಗಾಜಿನ ಎಳೆ, ಅದರೊಳಗೆ ಬೆಳಕು. ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ, ಹಾಗಾಗಿ ಸಿಡಿಲಿನ ಭಯ ಬಹಳ ಕಡಿಮೆ. ಸೆಕೆಂಡಿಗೆ ನೂರು, ಇನ್ನೂರು ಎಂಬಿ ಅಂತ ಬೋರ್ಡ್ ಹಾಕಿರುತ್ತಾರೆ. ಅದು ಮೆಗಾಬಿಟ್, ಎಂಟರಿಂದ ಭಾಗಿಸಿದರೆ ನಿಮ್ಮ ಕೈಗೆ ಬರುವ ಮೆಗಾಬೈಟ್. ಇರಲಿ, ಅಷ್ಟಾದರೂ ಧಾರಾಳ ಆಯಿತು. ನಮ್ಮ ಕಷ್ಟ ವೇಗದಲ್ಲಿ ಇಲ್ಲ.

ಕಷ್ಟ ಇರುವುದು ಕಡೆಯ ನೂರು ಮೀಟರಿನಲ್ಲಿ. ಫೈಬರ್ ನಮ್ಮ ಮನೆಗೆ ಬರುವುದು ಕರೆಂಟ್ ಕಂಬದ ಮೇಲಿಂದ, ಅಲ್ಲಿಂದ ಹಲಸಿನ ಮರಕ್ಕೆ, ಅಲ್ಲಿಂದ ತೆಂಗಿಗೆ. ಗಾಳಿ ಮಳೆಗೆ ಒಂದು ಅಕೇಶಿಯಾ ಬಿತ್ತೆಂದರೆ ಡಬ್ಬಿಯಲ್ಲಿ ಕೆಂಪು ದೀಪ. ಕಸ್ಟಮರ್ ಕೇರಿಗೆ ಫೋನ್ ಮಾಡಿದರೆ ಎಲ್ಲಿಯೋ ಕೂತವರು "ರೂಟರ್ ಆಫ್ ಮಾಡಿ ಆನ್ ಮಾಡಿ ಸರ್" ಅನ್ನುತ್ತಾರೆ. ಮರ ಬಿದ್ದಿದೆ ಮಾರಾಯ್ರೆ, ಆಫ್ ಮಾಡಿ ಆನ್ ಮಾಡಿದರೆ ಮರ ಏಳುತ್ತದಾ? ಮೊದಲು ಕರೆಂಟಿನವರು ಬಂದು ತಂತಿ ಬಿಡಿಸಬೇಕು, ಆಮೇಲೆ ಮರ ಕಡಿಯುವವರು, ಆಮೇಲೆ ಫೈಬರಿನ ಹುಡುಗ ಬಂದು ಆ ಎಳೆಯನ್ನು ಒರೆಸಿ, ನೇರ ಕತ್ತರಿಸಿ, ಮಶೀನಿನಲ್ಲಿ ಇಟ್ಟು ಕರಗಿಸಿ ಜೋಡಿಸಬೇಕು. ಅದೂ ಸುರಿಯುವ ಮಳೆಯಲ್ಲಿ, ಇನ್ನೊಬ್ಬ ಮಶೀನಿಗೆ ಕೊಡೆ ಹಿಡಿದಿರಬೇಕು. ಆ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ.

ಇನ್ನೊಂದು ನಮ್ಮ ಮನೆಗಳದ್ದೇ ತೊಂದರೆ. ಹಳೆಯ ಮುರಕಲ್ಲಿನ ಗೋಡೆ ಎಷ್ಟು ದಪ್ಪ ಇರುತ್ತದೆ! ಚಾವಡಿಯಲ್ಲಿ ಟಿವಿ ಪಕ್ಕ ರೂಟರ್ ಇಟ್ಟು ಹೋಗುತ್ತಾರೆ, ಅಲ್ಲಿ ನೂರು ಬರುತ್ತದೆ, ಎರಡು ಗೋಡೆ ದಾಟಿ ಅಡುಗೆ ಮನೆಗೆ ಹೋದರೆ ವಾಟ್ಸಾಪ್ ಫೋಟೊ ಸಹ ತೆರೆಯುವುದಿಲ್ಲ. ಐದು ಗಿಗಾಹರ್ಟ್ಸ್ ಅನ್ನುವ ವೇಗದ ವೈಫೈ ಅಂಥ ಗೋಡೆ ದಾಟುವುದರಲ್ಲಿ ಬಹಳ ಹಿಂದೆ. ಜನ ಏನು ಮಾಡುತ್ತಾರೆ, ಇನ್ನೂ ದೊಡ್ಡ ಪ್ಲಾನಿಗೆ ದುಡ್ಡು ಕಟ್ಟುತ್ತಾರೆ. ಗೋಡೆಗೆ ನಿಮ್ಮ ಪ್ಲಾನ್ ಗೊತ್ತಾಗುವುದಿಲ್ಲ. ಒಳಗೆ ಒಂದು ಕೇಬಲ್ ಎಳೆದು ಹಿಂದಿನ ಕೋಣೆಯಲ್ಲಿ ಇನ್ನೊಂದು ಡಬ್ಬಿ ಇಟ್ಟರೆ ಮುಗಿಯಿತು.

ಹಾಗಾದರೆ ಹಳೆಯ ಕಾಲದಲ್ಲಿ ನಿಜವಾಗಿ ಯಾವುದು ಮೇಲಿತ್ತು? ಟೆಲಿಫೋನ್. ಊರಿಗೆಲ್ಲ ಕರೆಂಟ್ ಹೋದರೂ ಕಪ್ಪು ರಿಸೀವರ್ ಎತ್ತಿದರೆ ಡಯಲ್ ಟೋನ್ ಇರುತ್ತಿತ್ತು, ಯಾಕೆಂದರೆ ಎಕ್ಸ್‌ಚೇಂಜಿನ ಬ್ಯಾಟರಿಯಿಂದ 48 ವೋಲ್ಟ್ ಅದೇ ತಾಮ್ರದ ತಂತಿಯಲ್ಲಿ ಮನೆಗೆ ಬರುತ್ತಿತ್ತು. ಮನೆಯಲ್ಲಿ ಏನೂ ಬೇಡ. ಗಾಜಿನ ಎಳೆಯಲ್ಲಿ ಅದಾಗುವುದಿಲ್ಲ. ನಿಮ್ಮ ಡಬ್ಬಿಗೆ ನೀವೇ ಕರೆಂಟ್ ಕೊಡಬೇಕು. ಡಯಲ್ ಅಪ್ ಶಬ್ದ ನೆನೆಸಿ ಕಣ್ಣೀರು ಹಾಕುವವರಿಗೆ ನಾನು ಹೇಳುವುದು ಇಷ್ಟೇ: ನೆನೆಸುವುದಾದರೆ ಆ ಬ್ಯಾಟರಿ ಕೋಣೆಯನ್ನು ನೆನೆಸಿ. ಹಾಗೆ ನೋಡಿದರೆ ನೀವು ಈಗ ಕೇಳುತ್ತಿರುವ ಈ ರೇಡಿಯೊ ಸಹ ಎರಡು ಸೆಲ್ ಹಾಕಿದರೆ ಓಡುತ್ತದೆ, ಬಫರ್ ಆಗುವುದಿಲ್ಲ.

ಒಂದು ಒಳ್ಳೆಯ ಸಂಗತಿ ಉಂಟು. ಫೈಬರ್ ದಾರಿಯಲ್ಲಿ ಬೆಳಕನ್ನು ಮನೆ ಮನೆಗೆ ಹಂಚುವ ಡಬ್ಬಿಗೆ, ಸ್ಪ್ಲಿಟರ್ ಅನ್ನುತ್ತಾರೆ, ಅದಕ್ಕೆ ಕರೆಂಟೇ ಬೇಡ. ಒಂದೇ ಎಳೆ ಅಲ್ಲಿ ಮೂವತ್ತೆರಡು ಮನೆಗೆ ಬೇಕಾದರೂ ಹಂಚಿಹೋಗುತ್ತದೆ. ಕರೆಂಟ್ ಬೇಕಾದದ್ದು ಎರಡೇ ತುದಿಯಲ್ಲಿ, ಲೈನ್ ಕೊಡುವವರ ಕಡೆ ಮತ್ತು ನಿಮ್ಮ ಮನೆಯಲ್ಲಿ. ಮನೆಯ ಡಬ್ಬಿ ಸಾಮಾನ್ಯವಾಗಿ 12 ವೋಲ್ಟಿನದ್ದು, ಅದಕ್ಕೆ ಅಂತಲೇ ಸಣ್ಣ ಯುಪಿಎಸ್ ಸಿಗುತ್ತದೆ, ಕೆಲವು ಗಂಟೆ ಬರುತ್ತದೆ. ಅಂದರೆ ಲೈನ್ ತೆಗೆದುಕೊಳ್ಳುವಾಗ ಎಷ್ಟು ಎಂಬಿ ಅಂತ ಕೇಳುವ ಬದಲು, ನಿಮ್ಮ ಕಡೆ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಕೇಬಲ್ ಎಲ್ಲಿಂದ ಬರುತ್ತದೆ, ಮರ ಬಿದ್ದರೆ ಯಾರು ಬರುತ್ತಾರೆ, ಅವರ ನಂಬರ್ ಕೊಡಿ, ಅಂತ ಕೇಳಿ.

ಅಂದ ಹಾಗೆ ಆ ಬಾಯಮ್ಮನಂಥವರು ಈಗ ಮೊಮ್ಮಗನ ಮುಖ ನೋಡಿಯೇ ಮಾತಾಡುತ್ತಾರೆ. ಅದರಲ್ಲೂ ದುಬೈಯಲ್ಲಿ ವಾಟ್ಸಾಪ್ ಕಾಲ್‌ಗೆ ತಡೆ ಉಂಟು, ಅಲ್ಲಿಯವರು ಒಪ್ಪಿದ ಬೇರೆ ಆ್ಯಪ್ ಹಾಕಿಕೊಳ್ಳಬೇಕು. ನಮ್ಮ ಕಡೆ ಸಾವಿರ ಎಂಬಿ ಇದ್ದರೂ ಅದಕ್ಕೆ ಮದ್ದಿಲ್ಲ.

ಹೊಸ ಲೈನ್ ಹಾಕಿಸುವಾಗ ನಾನು ನಮ್ಮ ಊರಿನ ಕೇಬಲಿನವರ ಹತ್ತಿರ ಇದೇ ಪ್ರಶ್ನೆ ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಬ್ಯಾಟರಿ ನಾಲ್ಕು ಗಂಟೆ ಬರ್ತದೆ ಅಣ್ಣ, ಆಮೇಲೆ ಜನರೇಟರಿಗೆ ಡೀಸೆಲ್ ಹಾಕುವವನು ಬರಬೇಕು, ಅವನ ದಾರಿಯಲ್ಲೂ ಮರ ಬಿದ್ದಿದ್ದರೆ ನಾನೇ ನಡೆದು ಹೋಗಬೇಕು" ಅಂದರು. ಬೋರ್ಡ್ ಹಾಕಿದ ದೊಡ್ಡ ಕಂಪನಿಯವರು ಯಾರೂ ಇಷ್ಟು ಸರಿಯಾಗಿ ಉತ್ತರ ಕೊಟ್ಟಿರಲಿಲ್ಲ. ಅವರದ್ದೇ ಲೈನ್ ತೆಗೆದುಕೊಂಡೆ. 40 ಎಂಬಿಯದ್ದು, ಸಾಕಾಗುತ್ತದೆ.

ನಮಸ್ಕಾರ.